ಗೆರೆ ಎಲ್ಲಿಂದ ಎಳೆಯುವುದು

ಜೂನ್ ೬

ಅತ್ತೆಯವರಿಗೆ,

ತಲುಪಿದೆ. ಬಸ್ಸು ತಡವಾಯಿತು, ಸೊಂಟ ಹಿಡಿದುಕೊಂಡಿದೆ, ಮಿಕ್ಕಂತೆ ಆರಾಮ. ಫೋನ್ ಮಾಡಿದರೆ ನಿಮ್ಮ ‘ಆಂ? ಆಂ?’ ಬಿಟ್ಟು ನನಗೇನೂ ಕೇಳಿಸುವುದಿಲ್ಲ. ನಿಮಗೋ ನನ್ನ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದಂತೆ. ನಡುವೆ ನಿಂತು ದಾಟಿಸುತ್ತೇನೆ ಅಂತ ನಿಮ್ಮ ಮಗ ಹೇಳಿದರು. ಅವರು ದಾಟಿಸುವ ಮಾತಿನಲ್ಲಿ ನಾನು ಆಡದ ಮಾತೇ ಹೆಚ್ಚಿರುತ್ತದೆ. ಅದಕ್ಕೆ ಕಾಗದವೇ ವಾಸಿ ಅಂತ ಕೂತಿದ್ದೇನೆ.

ನನ್ನ ಕೋಣೆ ಒಂದು ಬೀಗದಂಗಡಿಯ ಮೇಲಿದೆ. ಬೆಳಗಿನಿಂದ ಕೀಲಿಕೈ ಉಜ್ಜುವ ಸದ್ದು. ಕಿಟಕಿ ತೆರೆದರೆ ಪಕ್ಕದ ಲಾಂಡ್ರಿಯ ಉಗಿ ಒಳಗೇ ಬರುತ್ತದೆ, ಸೀರೆಗೆ ಇಸ್ತ್ರಿ ಹಾಕುವ ಕೆಲಸ ಅರ್ಧ ಉಳಿತಾಯವಾಯಿತು.

ಲ್ಯಾಬ್ ಚೆನ್ನಾಗಿದೆ. ಇಲ್ಲಿ ಮಾಡುವುದು ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಸುತ್ತಿಡುವ ಹೊದಿಕೆ. ಅದರೊಳಗೆ ಮೇಣದ ಚೀಲ. ಬಿಸಿನೀರಿನಲ್ಲಿಟ್ಟರೆ ಮೇಣ ಕರಗುತ್ತದೆ, ಆಮೇಲೆ ನಿಧಾನವಾಗಿ ಗಟ್ಟಿಯಾಗುತ್ತಾ, ಹಿಡಿದಿಟ್ಟ ಶಾಖವನ್ನು ಮೈ ಬಿಸಿಯ ಹದದಲ್ಲೇ ಬಿಟ್ಟುಕೊಡುತ್ತದೆ. ಕರೆಂಟಿಲ್ಲದ ಆಸ್ಪತ್ರೆಗೆ, ಆಂಬುಲೆನ್ಸಿಗೆ ಬೇಕಾದದ್ದು. ಒಂದು ಗ್ರಾಂ ಮೇಣ ಎಷ್ಟು ಶಾಖ ಹಿಡಿಯುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಯಂತ್ರ ಯಾವುದು ಗೊತ್ತೇ? ನೀವು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಾವುದರ ಮುಂದೆ ಕೂತಿದ್ದಿರೋ ಅದೇ ಕ್ಯಾಲೊರಿಮೀಟರು, ನಿಮ್ಮ ‘ಒಲೆ’. ಇದು ಹೊಸದು, ಪುಟ್ಟದು, ಬ್ರೆಡ್ಡಿನ ಡಬ್ಬದಷ್ಟೇ ಇದೆ.

ಲ್ಯಾಬಿನ ಮುಖ್ಯಸ್ಥರು ಪ್ರತಿ ಮಾತಿಗೂ ಮುಂಚೆ ಕೆಮ್ಮುತ್ತಾರೆ. ಎಲ್ಲರೂ ಹಿಂದಿನಿಂದ ‘ಕೆಮ್ಮಣ್ಣ’ ಅನ್ನುತ್ತಾರೆ. ಸೆಪ್ಟೆಂಬರ್ ಮುಗಿಯುವವರೆಗೆ ನನ್ನನ್ನು ಪರೀಕ್ಷೆಯ ಮೇಲೆ ಇಟ್ಟಿದ್ದಾರೆ. ಒಪ್ಪಿಗೆಯಾದರೆ ಕೆಲಸ ಕಾಯಂ, ಜೊತೆಗೆ ಮನೆಯನ್ನೂ ಕೊಡುತ್ತಾರೆ, ಮಗಳನ್ನು, ನಮ್ಮ ಗುಬ್ಬಿಯನ್ನು, ಕರೆಸಿಕೊಳ್ಳಬಹುದು. ಆಗದಿದ್ದರೆ ಗಂಟುಮೂಟೆ ಕಟ್ಟಿ ವಾಪಸ್.

ಬಸ್ ಹೊರಟಾಗ ನಾನು ಕೈ ಬೀಸಿದೆ. ನಿಮಗೆ ಕಾಣಿಸಲಿಲ್ಲವೇನೋ.

ಗುಬ್ಬಿಗೆ ಮುತ್ತು. ನಿಮ್ಮ ಮಗನಿಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿ.

ನಿಮ್ಮ ಸೊಸೆ


ಜೂನ್ ೧೫

ಸೊಸೆಗೆ,

ಕಾಗದ ಬಂತು. ಇಲ್ಲಿ ಎಲ್ಲ ಮಾಮೂಲು.

ನಿನ್ನ ಗಂಡ ಹಾಲು ಉಕ್ಕಿಸಿ, ಪಾತ್ರೆ ಸೀಯಿಸಿ, ಅದನ್ನು ಮಂಚದ ಕೆಳಗೆ ಬಚ್ಚಿಟ್ಟಿದ್ದ. ನಲವತ್ತು ಹತ್ತಿರವಾಯಿತು ಅವನಿಗೆ. ಊರಿನ ಹೊಲಿಗೆ ಯಂತ್ರಗಳನ್ನೆಲ್ಲ ರಿಪೇರಿ ಮಾಡುತ್ತಾನೆ, ಒಂದು ಬರ್ನರ್ ಸಣ್ಣಗೆ ಮಾಡಲು ಬರುವುದಿಲ್ಲ. ಗುಬ್ಬಿ ಶಾಲೆಯಲ್ಲಿ ಪಕ್ಕದ ಹುಡುಗಿಯನ್ನು ಕಚ್ಚಿದ್ದಾಳೆ. ಯಾಕೆ ಅಂದರೆ, ‘ಅವಳೇ ಮೊದಲು ಬಾಯಿ ತೆಗೆದಳು’ ಅಂದಳು.

ಇನ್ನು ಒಲೆಯ ವಿಚಾರ. ಹೊಸದೋ ಹಳೆಯದೋ, ಅದರ ಬುದ್ಧಿ ಒಂದೇ. ಒಳಗೆ ಎರಡು ಪುಟ್ಟ ಪ್ಯಾನ್, ಒಂದರಲ್ಲಿ ಮಾಲು, ಇನ್ನೊಂದು ಖಾಲಿ. ಎರಡನ್ನೂ ಒಟ್ಟಿಗೆ ಬಿಸಿ ಮಾಡಿದರೆ ಖಾಲಿಗಿಂತ ತುಂಬಿದ್ದು ಎಷ್ಟು ಹೆಚ್ಚು ಶಾಖ ಕುಡಿಯಿತು ಅಂತ ಗೆರೆ ಹಾಕಿ ತೋರಿಸುತ್ತದೆ. ಅಷ್ಟೇ ಅದರ ಸಂಪತ್ತು. ಹಾಗಾಗಿ ದಿನಾ ಬೆಳಿಗ್ಗೆ ಚಹಾ ಕುಡಿಯುವ ಮುಂಚೆ ಎರಡೂ ಪ್ಯಾನ್ ಖಾಲಿ ಇಟ್ಟು ಒಂದು ಸಲ ಓಡಿಸು. ಏನೂ ಹಾಕದಿದ್ದಾಗ ಅದು ಏನು ಗೊಣಗುತ್ತದೆ ಅಂತ ಗೊತ್ತಿಲ್ಲದವರು, ಹಾಕಿದಾಗ ಆಡಿದ್ದನ್ನು ನಂಬಬಾರದು. ನಾನು ಒಂದು ದಿನವೂ ತಪ್ಪಿಸಿದವಳಲ್ಲ. ಜೊತೆಯವರು ‘ಬಂದಳು ಖಾಲಿ ಪ್ಯಾನಮ್ಮ’ ಅಂತ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಬಾಯಿಗೇನು ಬಾಡಿಗೆಯೇ!

ಪ್ಯಾನಿನ ತಳ ನೆಟ್ಟಗಿರಲಿ. ಬೆರಳಿನಿಂದ ಮುಟ್ಟಬೇಡ, ಚಿಮಟ ಬಳಸು.

ಅತ್ತೆ


ಜುಲೈ ೯

ಅತ್ತೆಯವರಿಗೆ,

ಖಾಲಿ ಪ್ಯಾನ್ ದಿನಾ ಓಡಿಸುತ್ತಿದ್ದೇನೆ. ಇಲ್ಲೂ ಆಡಿಕೊಳ್ಳಲು ಶುರು ಮಾಡಿದ್ದಾರೆ. ಮನೆತನದ ಹೆಸರು ಉಳಿಸಿದೆ ಅಂದುಕೊಳ್ಳಿ.

ಒಂದು ಪೇಚಿಗೆ ಸಿಕ್ಕಿಕೊಂಡಿದ್ದೇನೆ, ಹೇಳಬೇಕು. ಮೇಣ ಕರಗುವಾಗ ಗೆರೆ ಗುಡ್ಡದ ಹಾಗೆ ಏರಿ ಇಳಿಯುತ್ತದಲ್ಲ, ಆ ಗುಡ್ಡದ ಈ ಬುಡದಿಂದ ಆ ಬುಡಕ್ಕೆ ತಳದಲ್ಲೊಂದು ಗೆರೆ ಎಳೆದೆ. ಬೇಸ್‌ಲೈನ್. ಅದರ ಮೇಲಿರುವುದಷ್ಟೂ ಮೇಣ ಹಿಡಿದ ಶಾಖ. ನನಗೆ ಗ್ರಾಮಿಗೆ ೧೬೮ ಜೂಲ್ ಬಂತು. ಮೇಣ ಮಾರುವವರ ಲ್ಯಾಬಿನಲ್ಲಿ ಅದೇ ಮೇಣಕ್ಕೆ ೨೦೫ ಬಂದಿದೆ. ಹೊದಿಕೆಗೆ ಎಷ್ಟು ಮೇಣ ತುಂಬಬೇಕು ಅನ್ನುವ ಲೆಕ್ಕವನ್ನೆಲ್ಲ ಆ ೨೦೫ನ್ನೇ ನೆಚ್ಚಿ ಹಾಕಿಬಿಟ್ಟಿದ್ದಾರೆ.

ಕೆಮ್ಮಣ್ಣ ಬಂದು ಪರದೆ ನೋಡಿದರು. ಕೆಮ್ಮಿದರು. ‘ನೋಡೀಮ್ಮ, ನಿಮ್ಮ ಗೆರೆ ಸ್ವಲ್ಪ ಎಡಕ್ಕೆ ಹಿಡಿದು ಎಳೀರಿ, ಸರಿಹೋಗತ್ತೆ’ ಅಂದರು. ಗದರಲಿಲ್ಲ, ಒಳ್ಳೆಯ ಮನುಷ್ಯ. ಎಡಕ್ಕೆ ಎಳೆದರೆ ನಿಜಕ್ಕೂ ೨೦೩ಕ್ಕೆ ಬರುತ್ತದೆ. ಆದರೆ ಅಲ್ಲಿ, ಗುಡ್ಡಕ್ಕಿಂತ ಮುಂಚೆ, ಇಪ್ಪತ್ತನಾಲ್ಕು ಡಿಗ್ರಿಯ ಹತ್ತಿರ ಗೆರೆ ಸ್ವಲ್ಪ ಉಬ್ಬಿದೆ. ಯಂತ್ರ ಹೊರಡುವಾಗ ಒಂದಿಷ್ಟು ನಡುಗುತ್ತದಲ್ಲ, ಅದೇ ಅಂತ ಬಿಟ್ಟಿದ್ದೆ. ನಡುಕವನ್ನೂ ಶಾಖ ಅಂತ ಕೂಡಿಸಲು ನನಗೆ ಕೈ ಬರುತ್ತಿಲ್ಲ. ಇಷ್ಟು ದೊಡ್ಡ ಅಂತರ ಬರುವಷ್ಟು ನನ್ನ ಕೈ ಕೆಟ್ಟದ್ದೇ, ಅತ್ತೆ? ಈ ಅಂಕಿ ಸರಿಯಾಗದೆ ನನ್ನ ಕೆಲಸ ಕಾಯಂ ಆಗುವುದಿಲ್ಲ, ಅದಂತೂ ಗ್ಯಾರಂಟಿ.

ಗುಬ್ಬಿ ನನ್ನನ್ನು ಕೇಳುತ್ತಾಳೆಯೇ?

ಸೊಸೆ


ಜುಲೈ ೧೭

ಸೊಸೆಗೆ,

ಇಲ್ಲಿ ಎಲ್ಲ ಮಾಮೂಲು.

ನಿನ್ನ ಕೈ ಕೆಟ್ಟಿಲ್ಲ, ಪ್ಯಾನಿನ ಮುಚ್ಚಳ ಕೆಟ್ಟಿದೆ. ನೂರಕ್ಕೆ ನೂರು. ಮುಚ್ಚಳ ಸರಿಯಾಗಿ ಒತ್ತದಿದ್ದರೆ ಕರಗಿದ ಮೇಣ ಅಂಚಿನಿಂದ ತೆವಳಿ ಆಚೆ ಹೋಗುತ್ತದೆ. ಹೋದ ಮೇಣಕ್ಕೆ ಶಾಖ ಎಲ್ಲಿಂದ ಬರಬೇಕು? ಓಡಿಸುವ ಮುಂಚೆ ತೂಗು, ಓಡಿಸಿದ ಮೇಲೆ ತೂಗು. ಇಂಡಿಯಂ ಲೋಹದ ಚೂರು ಹಾಕಿ ಯಂತ್ರದ ಅಳತೆ ನೆಟ್ಟಗಿದೆಯೇ ನೋಡು, ಅದರ ಅಂಕಿ ಎಷ್ಟು ಬರಬೇಕೆಂದು ಪುಸ್ತಕದಲ್ಲೇ ಇದೆ. ಎರಡು ಪ್ಯಾನೂ ಒಂದೇ ಪೊಟ್ಟಣದವೋ ಬೇರೆ ಬೇರೆಯವೋ ಅದನ್ನೂ ನೋಡು. ತೂಕ ಬೇರೆಯಾದರೆ ಗೆರೆ ಇಳಿಜಾರಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಕುಣಿಯಬಲ್ಲೆ, ನೆಲ ನೋಡಿಕೊ.

ಗುಬ್ಬಿಯ ಹಲ್ಲೊಂದು ಬಿತ್ತು.

ಅತ್ತೆ


ಜುಲೈ ೨೯

ಅತ್ತೆಯವರಿಗೆ,

ಮುಚ್ಚಳ ಅಲ್ಲ. ಮುಂಚೆ ತೂಗಿದೆ, ಆಮೇಲೆ ತೂಗಿದೆ, ಕೂದಲೆಳೆಯಷ್ಟೂ ಹೋಗಿಲ್ಲ. ಇಂಡಿಯಂ ತನ್ನ ಅಂಕಿಯನ್ನು ಬಾಯಿಪಾಠದ ಹಾಗೆ ಒಪ್ಪಿಸಿತು. ಪ್ಯಾನುಗಳ ವಿಚಾರದಲ್ಲಿ ನೀವು ಹೇಳಿದ್ದು ನಿಜ, ಖಾಲಿ ಪ್ಯಾನ್ ಬೇರೆ ಪೊಟ್ಟಣದ್ದು. ಬದಲಾಯಿಸಿದೆ, ಗೆರೆ ನೆಟ್ಟಗಾಯಿತು. ೧೬೮ ಇದ್ದದ್ದು ೧೭೦ ಆಯಿತು, ಅಷ್ಟೇ.

ಕೆಮ್ಮಣ್ಣ ಮತ್ತೆ ಕೇಳಿದರು. ಇನ್ನೂ ನೋಡುತ್ತಿದ್ದೇನೆ ಅಂದೆ.

ಹಲ್ಲು ಬಿದ್ದ ವಿಷಯ ತಿಳಿದು ಸಂತೋಷವಾಯಿತು. ಇಲ್ಲೂ ಎಲ್ಲ ಮಾಮೂಲು.

ಸೊಸೆ


ಆಗಸ್ಟ್ ೫

ಸೊಸೆಗೆ,

ಮುಚ್ಚಳ ಅಲ್ಲದಿದ್ದರೆ ಗ್ಯಾಸ್. ಒಲೆಯೊಳಗೆ ಹಾಯುವ ನೈಟ್ರೋಜನ್ ಹರಿವು ಏರುಪೇರಾಗುತ್ತಿದೆ, ಬರೆದಿಟ್ಟುಕೊ. ಅದೂ ಅಲ್ಲದಿದ್ದರೆ ನನ್ನ ತಲೆ. ಎರಡು ಸಲ ಸೋಲುವ ಅಭ್ಯಾಸ ನನಗಿಲ್ಲ, ಚಹಾ ಕುಡಿದದ್ದೂ ರುಚಿಸುತ್ತಿಲ್ಲ.

ಹೀಗೆ ಮಾತಿನಲ್ಲಿ ಹೇಳಿದರೆ ಆಗುವುದಿಲ್ಲ. ಮೇಣದ ಗೆರೆ, ಖಾಲಿ ಪ್ಯಾನಿನ ಗೆರೆ, ಎರಡನ್ನೂ ತೆಳು ಕಾಗದದ ಮೇಲೆ ಅಚ್ಚು ಹಾಕಿ ಕಳುಹಿಸು. ನೋಡದೆ ಔಷಧಿ ಕೊಡುವ ಡಾಕ್ಟರ ಹಾಗಾಗಿದೆ ನನ್ನ ಕಥೆ.

ನಿನ್ನ ಕಾಗದದಲ್ಲಿ ಹರಟೆಯೇ ಇರಲಿಲ್ಲ. ಬೀಗದಂಗಡಿಯವನು ಸತ್ತನೇ?

ಅತ್ತೆ


ಆಗಸ್ಟ್ ೧೨

ಅತ್ತೆಯವರಿಗೆ,

ಎರಡೂ ಗೆರೆಗಳ ಅಚ್ಚು ಇದರೊಂದಿಗೆ ಇಟ್ಟಿದ್ದೇನೆ. ಗ್ಯಾಸ್ ಸರಿಯಾಗಿದೆ. ಬೀಗದಂಗಡಿಯವರು ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ. ಎಲ್ಲ ಮಾಮೂಲು.

ಸೊಸೆ


ಆಗಸ್ಟ್ ೨೧

ಸೊಸೆಗೆ,

ಮೊದಲು ಗೆರೆಯ ವಿಚಾರ ಮುಗಿಸುತ್ತೇನೆ, ಆಮೇಲೆ ನಿನ್ನ ವಿಚಾರಕ್ಕೆ ಬರುತ್ತೇನೆ.

ಎರಡೂ ಅಚ್ಚುಗಳನ್ನು ಕಿಟಕಿ ಗಾಜಿಗೆ ಒತ್ತಿ, ಒಂದರ ಮೇಲೊಂದು ಇಟ್ಟು ನೋಡಿದೆ. ನೀನು ನಡುಕ ಅಂದೆಯಲ್ಲ, ಇಪ್ಪತ್ತನಾಲ್ಕರ ಹತ್ತಿರದ ಉಬ್ಬು. ಅದು ಯಂತ್ರದ ನಡುಕವಾಗಿದ್ದರೆ ಖಾಲಿ ಪ್ಯಾನಿನ ಗೆರೆಯಲ್ಲೂ ಇರಬೇಕಿತ್ತು. ಇಲ್ಲ. ಅಲ್ಲಿ ಗೆರೆ ನೀರಿನ ಹಾಗೆ ಮಲಗಿದೆ. ಅಂದಮೇಲೆ ಉಬ್ಬು ಮೇಣದ್ದೇ. ಕೆಲವು ಮೇಣ ಕರಗುವ ಮುಂಚೆ ಗಟ್ಟಿಯಾಗಿದ್ದಾಗಲೇ ಒಳಗೊಳಗೆ ಒಂದು ಸಲ ಮಗ್ಗುಲು ಬದಲಾಯಿಸುತ್ತವೆ, ಅದಕ್ಕೂ ಶಾಖ ಬೇಕು. ಆ ಲ್ಯಾಬಿನವರು ಗುಡ್ಡದ ಜೊತೆ ಈ ದಿಬ್ಬವನ್ನೂ ಸೇರಿಸಿ ಗೆರೆ ಎಳೆದಿದ್ದಾರೆ. ನಿನ್ನ ೧೭೦ಕ್ಕೆ ದಿಬ್ಬದ ೩೫ ಸೇರಿಸು, ಸರಿಯಾಗಿ ೨೦೫. ಅವರು ಸರಿ, ನೀನು ತಪ್ಪು. ಮೇಣ ಎಷ್ಟು ಶಾಖ ಹಿಡಿಯುತ್ತದೆ ಅಂದರೆ ಎಲ್ಲವೂ ಸೇರಬೇಕು. ಹೋಗಿ ಒಪ್ಪಿಕೊ, ಕೆಲಸ ಉಳಿಯುತ್ತದೆ. ನಾವಿಬ್ಬರೂ ಗುಡ್ಡ ಅಗೆದೆವು, ಇಲಿ ಪಕ್ಕದ ದಿಬ್ಬದಲ್ಲಿ ಕೂತು ನಗುತ್ತಿತ್ತು.

ಈಗ ನಿನ್ನ ವಿಚಾರ.

ಗುಬ್ಬಿ ಹುಟ್ಟಿದಾಗ ನಿನಗೆ ಜ್ವರ, ಎಚ್ಚರವಿರಲಿಲ್ಲ. ಈ ಮಾತನ್ನು ನಾನು ನಿನಗೆ ಹೇಳಿಯೇ ಇಲ್ಲ. ಏಳು ತಿಂಗಳಿಗೇ ಹುಟ್ಟಿದ ಕೂಸು, ನನ್ನ ಅಂಗೈಯಿಂದ ಮೊಣಕೈವರೆಗೆ ಇದ್ದಳು ಅಷ್ಟೇ. ಹುಟ್ಟಿದ ದಿನ ಕೀರಲು ದನಿಯಲ್ಲಿ ಅಳುತ್ತಿದ್ದಳು. ಮಾರನೆಯ ದಿನ ನನ್ನನ್ನು ಒಳಗೆ ಬಿಟ್ಟಾಗ ಸುಮ್ಮನೆ ಮಲಗಿದ್ದಳು. ‘ಪಾಪ, ನಿದ್ದೆ ಹತ್ತಿದೆ’ ಅಂದೆ. ನರ್ಸ್ ಮುಟ್ಟಿ ನೋಡಿ, ‘ಇದು ನಿದ್ದೆ ಅಲ್ಲಮ್ಮ, ಮಗು ತಣ್ಣಗಾಗ್ತಿದೆ. ತಣ್ಣಗಾದ ಮಗು ಅಳೋದಿಲ್ಲ. ಅಳ್ತಾ ಇದ್ರೇನೇ ನಮಗೆ ಸಮಾಧಾನ. ಕುಪ್ಪಸ ಬಿಚ್ಚಿ ಎದೆಗೆ ಹಾಕ್ಕೊಳ್ಳಿ’ ಅಂದಳು. ಹಾಕಿಕೊಂಡೆ. ಮೇಲೆ ಕಂಬಳಿ. ಅವಳು ಮತ್ತೆ ಅಳಲು ಶುರು ಮಾಡುವವರೆಗೆ ನಾನು ಉಸಿರಾಡಿದ ನೆನಪಿಲ್ಲ. ಅತ್ತಾಗ, ಅಯ್ಯೋ, ಅಷ್ಟು ಚೆಂದದ ಸದ್ದು ನಾನು ಹುಟ್ಟಿದಮೇಲೆ ಕೇಳಿರಲಿಲ್ಲ.

ನಿನ್ನ ಕಾಗದಗಳು ಸುಮ್ಮನಾಗುತ್ತಿವೆ. ಮೊದಲನೆಯದರಲ್ಲಿ ಸೊಂಟ ನೋವಿತ್ತು, ಉಗಿ ಇತ್ತು, ಬೀಗದ ಸದ್ದಿತ್ತು. ಕೊನೆಯದರಲ್ಲಿ ‘ಎಲ್ಲ ಮಾಮೂಲು’ ಬಿಟ್ಟರೆ ಬೇರೇನಿಲ್ಲ. ನನಗೆ ಹೆದರಿಕೆಯಾಯಿತು. ಅಳುವುದಿದ್ದರೆ ಅಳು. ಬೈಯುವುದಿದ್ದರೆ ಬೈಯಿ. ಸುಮ್ಮನಿರಬೇಡ.

ಅತ್ತೆ


ಸೆಪ್ಟೆಂಬರ್ ೨

ಅತ್ತೆ,

ನಿಮ್ಮ ಕಾಗದವನ್ನು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಓದಿ ಗೊಳೋ ಅಂತ ಅತ್ತೆ. ಕೆಮ್ಮಣ್ಣ ಆ ಕಡೆ ಬಂದವರು, ಕೆಮ್ಮದೆಯೇ ವಾಪಸ್ ಹೋದರು.

ಮೊದಲು ಜಗಳ ಮುಗಿಸಿಬಿಡುತ್ತೇನೆ. ಬಸ್ ಹೊರಟಾಗ ನಾನು ಕೈ ಬೀಸಿದೆ, ನೀವು ಬೀಸಲಿಲ್ಲ. ಕಂಬದ ಹಾಗೆ ನಿಂತಿದ್ದಿರಿ. ಮಗುವನ್ನು ಬಿಟ್ಟು ಹೊರಟಳಲ್ಲ ಅಂತ ನಿಮಗೆ ಕೋಪ ಅಂದುಕೊಂಡೆ. ಆಮೇಲೆ ಪ್ರತಿ ಕಾಗದದಲ್ಲೂ ‘ಇಲ್ಲಿ ಎಲ್ಲ ಮಾಮೂಲು’. ಗುಬ್ಬಿ ನನ್ನನ್ನು ಕೇಳುತ್ತಾಳೆಯೇ ಅಂದರೆ ಅದಕ್ಕೆ ಉತ್ತರವೇ ಇಲ್ಲ, ಮುಚ್ಚಳದ ಪುರಾಣ. ನಾನಿಲ್ಲದೆ ಏನೂ ಕಡಿಮೆಯಾಗಿಲ್ಲ ಅಂತ ಹೇಳುತ್ತಿದ್ದೀರಿ ಅನ್ನಿಸಿತು. ನಮ್ಮಮ್ಮ ಕಾಗದ ಬರೆದರೆ ನಾಲ್ಕು ಪುಟ, ಅದರಲ್ಲಿ ಮೂರು ‘ಬಂಗಾರ, ಚಿನ್ನ’. ನಿಮ್ಮದು ಬಂದರೆ ಲ್ಯಾಬಿನ ವರದಿ ಓದಿದ ಹಾಗೆ. ಸರಿ, ನಾನೂ ವರದಿಯನ್ನೇ ಬರೆಯೋಣ ಅಂತ ಹಟ ಮಾಡಿದೆ. ನೀವು ಬೈಯಿ ಅಂದಿದ್ದಕ್ಕೆ ಬೈದೆ.

ಈಗ ಮೇಣದ ವಿಚಾರ. ನೀವು ಹೇಳಿದ ಹಾಗೆ ಒಪ್ಪಿಕೊಳ್ಳಲೆಂದೇ ಎದ್ದೆ. ದಿಬ್ಬ ಮೇಣದ್ದೇ, ಅನುಮಾನವೇ ಇಲ್ಲ, ನಡುಕ ಅಂದುಕೊಂಡದ್ದು ನನ್ನ ಪೆದ್ದುತನ. ಬಾಗಿಲವರೆಗೆ ಹೋದವಳು ಅಲ್ಲೇ ನಿಂತೆ. ನಿಮ್ಮ ಕಾಗದದ ಮೊದಲ ಅರ್ಧವನ್ನೂ ಎರಡನೇ ಅರ್ಧವನ್ನೂ ನೀವೇ ಜೋಡಿಸಿ ನೋಡಲಿಲ್ಲ, ಅತ್ತೆ! ಹೊದಿಕೆ ತಣ್ಣಗಾಗುತ್ತಾ ಬರುವಾಗ ಗುಡ್ಡದ ಶಾಖ ಮೂವತ್ತೇಳು ಡಿಗ್ರಿಯ ಹತ್ತಿರ ಹೊರಬೀಳುತ್ತದೆ, ಅದು ಮಗುವಿಗೆ ಸಿಕ್ಕಿತು. ದಿಬ್ಬದ ಶಾಖ? ಇಪ್ಪತ್ತನಾಲ್ಕಕ್ಕೆ ಇಳಿದ ಮೇಲೆ. ಅಷ್ಟು ತಣ್ಣಗಾದ ಹೊದಿಕೆಯೊಳಗೆ ಗುಬ್ಬಿಯಂಥ ಕೂಸು ಯಾವಾಗಲೋ ಸುಮ್ಮನಾಗಿರುತ್ತದೆ.

ಒಳಗೆ ಹೋಗಿ ಹಾಗೆಯೇ ಹೇಳಿದೆ. ‘ಸಾರ್, ಮೇಣದ ಶಾಖ ಇನ್ನೂರೈದು, ನಾನು ಒಪ್ಪಿದೆ. ಆದ್ರೆ ಮಗೂಗೆ ಸಿಗೋದು ನೂರೆಪ್ಪತ್ತು. ಹೊದಿಕೆ ಲೆಕ್ಕಕ್ಕೆ ಇನ್ನೂರೈದು ಹಾಕಿದ್ರೆ ನಾನು ಸಹಿ ಮಾಡಲ್ಲ.’

ಕೆಮ್ಮಿದರು. ‘ಇಷ್ಟು ದಿನ ಗೆರೆ ಎಲ್ಲಿಂದ ಎಳೀಬೇಕು ಅಂತಾನೇ ಗೊತ್ತಿರ್ಲಿಲ್ಲ ನಿಮಗೆ.’

‘ಈಗ ಗೊತ್ತಾಯ್ತು ಸಾರ್. ಶಾಖ ಯಾರಿಗೆ ಬೇಕೋ ಅವರನ್ನ ನೋಡಿ ಎಳೀಬೇಕು.’

ಮತ್ತೆ ಕೆಮ್ಮಿದರು. ‘ಮಾತು ಚೆನ್ನಾಗಿದೆಯಮ್ಮ. ಮೇಲಿನವರು ಮಾತು ಕೇಳಲ್ಲ. ಈಗಿನ ಲೆಕ್ಕದ ಹೊದಿಕೇನೇ ಓಡಿಸಿ ನೋಡೋಣ. ನೀವು ಹೇಳಿದ ಹಾಗೆ ಬೇಗ ತಣ್ಣಗಾದ್ರೆ ಸರಿ. ಆಗ್ಲಿಲ್ಲ ಅಂದ್ರೆ ನಿಮ್ಮನ್ನ ಉಳಿಸಿಕೊಳ್ಳೋಕೆ ನನ್ನ ಹತ್ರ ಕಾರಣ ಇರಲ್ಲ.’

ಹೊದಿಕೆ ಹೊಲಿದು ಬರಲು ಎರಡು ವಾರವಂತೆ. ಅಲ್ಲಿಯವರೆಗೆ ಕೈಯಲ್ಲಿ ಜೀವ ಹಿಡಿದುಕೊಂಡು ಕೂತಿರುತ್ತೇನೆ. ಕೆಲಸ ಹೋದರೆ ಹೋಗಲಿ ಅಂತ ಧೈರ್ಯದಿಂದ ಬರೆಯೋಣ ಅಂದುಕೊಂಡೆ, ಅದು ಸುಳ್ಳು. ಹೋಗಬಾರದು. ನನಗೆ ಈ ಕೆಲಸ ಇಷ್ಟ.

ನಿಮ್ಮ ಸೊಸೆ


ಸೆಪ್ಟೆಂಬರ್ ೧೦

ಏ ಹುಡುಗಿ,

ಮೂವತ್ತು ವರ್ಷ ಒಲೆಯ ಮುಂದೆ ಕೂತವಳು ನಾನು, ಆ ಕೂಸನ್ನು ಎದೆಯ ಮೇಲೆ ಹಾಕಿಕೊಂಡವಳೂ ನಾನೇ. ಎರಡನ್ನೂ ಒಂದೇ ಕಾಗದದಲ್ಲಿ ಬರೆದೆ, ನಡುವೆ ಒಂದು ಸಾಲು ಬಿಟ್ಟು. ಆ ಸಾಲು ದಾಟಲು ನನಗೆ ಹೊಳೆಯಲಿಲ್ಲ, ನಿನಗೆ ಹೊಳೆಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನಿನ್ನ ಕಾಲ ಬಂತು. ನನಗೆ ಹೊಟ್ಟೆಕಿಚ್ಚಾಗಬೇಕಿತ್ತು. ಆಗಲಿಲ್ಲ. ಬದಲಿಗೆ ಎರಡು ಲೋಟ ಚಹಾ ಕುಡಿದೆ, ರುಚಿಯಾಗಿಯೇ ಇತ್ತು.

ಈಗ ಬೈಗುಳಕ್ಕೆ ಉತ್ತರ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಒಂದು ಕೈಯಲ್ಲಿ ಗುಬ್ಬಿ ಇದ್ದಳು, ಬಸ್ಸಿನ ಹಿಂದೆ ಓಡಲು ಎಳೆಯುತ್ತಿದ್ದಳು. ಇನ್ನೊಂದು ಕೈಯಲ್ಲಿ ಅವಳ ಕಾಲಿನಿಂದ ಜಾರಿದ ಚಪ್ಪಲಿ, ಚರಂಡಿಗೆ ಬೀಳುವುದರಲ್ಲಿತ್ತು. ನಿನ್ನ ಗಂಡ ಟಿಕೆಟ್ ಕೌಂಟರಿನಲ್ಲಿ ಮರೆತ ಛತ್ರಿ ತರಲು ಹೋಗಿದ್ದ. ಬೀಸಲು ಮೂರನೇ ಕೈ ಎಲ್ಲಿಂದ ತರಲಿ? ನೀನು ಕಿಟಕಿಯಿಂದ ನೋಡಿದ್ದು ನನ್ನ ತಲೆ ಮಾತ್ರ.

ಗುಬ್ಬಿ ನಿನ್ನನ್ನು ಕೇಳುತ್ತಾಳೆಯೇ ಅಂದೆ. ದಿನಾ ಕೇಳುತ್ತಾಳೆ. ನಿನ್ನ ಹಳೆಯ ಹಸಿರು ಸ್ವೆಟರನ್ನು ತಲೆದಿಂಬಿಗೆ ತೊಡಿಸಿ ಅದಕ್ಕೆ ಶಾಲೆಯ ದೂರುಗಳನ್ನೆಲ್ಲ ಹೇಳುತ್ತಾಳೆ. ಬರೆದರೆ ನೀನು ಕೆಲಸ ಬಿಟ್ಟು ಮರುದಿನದ ಬಸ್ಸಿಗೆ ಬಂದುಬಿಡುತ್ತೀಯೆ ಅಂತ ಬರೆಯಲಿಲ್ಲ. ಮುಚ್ಚಳದ ಪುರಾಣ ಬರೆದೆ.

ನಿಮ್ಮಮ್ಮ ಮೂರು ಪುಟ ಬಂಗಾರ ಬರೆಯುತ್ತಾರೆ. ಅವರ ಗೆರೆ ಹಿಡಿದು ನನ್ನನ್ನು ಅಳೆದರೆ ನಾನು ಯಾವಾಗಲೂ ಕಡಿಮೆಯೇ ಬರುವುದು. ನನ್ನ ಖಾಲಿ ಪ್ಯಾನನ್ನು ಮೊದಲು ಓಡಿಸಬೇಕಿತ್ತು ನೀನು. ಏನೂ ಇಲ್ಲದ ದಿನವೂ ನಾನು ಇಷ್ಟೇ ಒರಟು. ಅದನ್ನು ಕಳೆದು ಉಳಿದದ್ದು ಎಷ್ಟಿದೆಯೋ ಅಷ್ಟೂ ನಿನ್ನದೇ. ಸಾಕಷ್ಟು ಇದೆ, ನಾನೇ ಹೇಳುತ್ತಿದ್ದೇನೆ.

ಹೊದಿಕೆ ಓಡಿಸುವ ದಿನ ಹೊಟ್ಟೆ ತುಂಬ ತಿಂದು ಹೋಗು.

ಅತ್ತೆ


ಸೆಪ್ಟೆಂಬರ್ ೨೫

ಅತ್ತೆ, ಅತ್ತೆ, ಅತ್ತೆ,

ಆಯಿತು!

ಎಲ್ಲವನ್ನೂ ಸಾಲಾಗಿ ಹೇಳುತ್ತೇನೆ. ಕೂಸಿನಷ್ಟೇ ತೂಕದ ನೀರಿನ ಬಾಟಲಿ, ಮೈ ಬಿಸಿಯಷ್ಟೇ ಬಿಸಿ ಮಾಡಿ, ಹೊದಿಕೆ ಸುತ್ತಿ, ತಣ್ಣನೆಯ ಕೋಣೆಯಲ್ಲಿಟ್ಟೆವು. ಬಿಸಿ ಅಳೆಯುವ ತಂತಿ ಒಂದು ಬಾಟಲಿಗೆ, ಇನ್ನೊಂದು ಮೇಣಕ್ಕೆ. ನಾನು, ಕೆಮ್ಮಣ್ಣ, ಹೊಲಿಗೆ ವಿಭಾಗದ ಅಕ್ಕ, ಮೂವರೂ ಸ್ಟೂಲ್ ಹಾಕಿಕೊಂಡು ಕೂತೆವು. ಮೇಣ ಮೂವತ್ತೇಳರ ಹತ್ತಿರ ಅಲ್ಲಾಡದೆ ನಿಂತಿತ್ತು. ನಿಂತೇ ಇತ್ತು. ನನ್ನ ಲೆಕ್ಕದ ಹೊತ್ತು ಬಂತು, ಆಗಲೂ ನಿಂತಿತ್ತು. ಕೆಮ್ಮಣ್ಣ ನನ್ನ ಮುಖ ನೋಡಿದರು. ಮನಸ್ಸಿನಲ್ಲೇ ಪೆಟ್ಟಿಗೆ ತುಂಬಲು ಶುರು ಮಾಡಿದೆ. ಆಮೇಲೆ ಅಕ್ಕ ‘ಇಳೀತು, ಇಳೀತು ನೋಡ್ರೀ’ ಅಂದರು. ಇಳಿಯಿತು, ಅವರ ಲೆಕ್ಕದ ಹೊತ್ತಿಗಿಂತ ಎಷ್ಟೋ ಮುಂಚೆ. ನನ್ನ ೧೭೦ ಹೇಳಿದ್ದಕ್ಕೂ ನಡೆದದ್ದಕ್ಕೂ ಒಂದು ಚಹಾ ಕುಡಿಯುವಷ್ಟೇ ಅಂತರ.

ಇನ್ನೊಂದು ಕೇಳಿ. ಎದ್ದು ಹೋಗಬಹುದಿತ್ತು, ಕೆಮ್ಮಣ್ಣ ಕೂತೇ ಇದ್ದರು. ಇಪ್ಪತ್ತನಾಲ್ಕಕ್ಕೆ ಬಂದಾಗ ಮೇಣ ಮತ್ತೆ ಸ್ವಲ್ಪ ಹೊತ್ತು ನಿಂತಿತು. ನಿಮ್ಮ ದಿಬ್ಬ! ‘ನಮ್ಮತ್ತೆ ಕಿಟಕಿ ಗಾಜಿನ ಮೇಲೆ ಕಂಡುಹಿಡಿದದ್ದು ಇದೇ ಸಾರ್’ ಅಂದೆ. ಅವರು ಹೊದಿಕೆಯೊಳಗೆ ಕೈ ತೂರಿಸಿ ಬಾಟಲಿ ಮುಟ್ಟಿದರು. ಬಾಟಲಿ ತಣ್ಣಗಿತ್ತು. ಬಹಳ ಹೊತ್ತು ಕೈ ಹಾಗೆಯೇ ಇಟ್ಟುಕೊಂಡಿದ್ದರು. ಕೆಮ್ಮದೆ ಆಡಿದ ಮಾತನ್ನು ಅವರ ಬಾಯಲ್ಲಿ ಅವತ್ತೇ ಮೊದಲು ಕೇಳಿದ್ದು: ‘ಮೇಣ ಜಾಸ್ತಿ ತುಂಬೋಣಮ್ಮ.’

ಇನ್ನು ಮೇಲೆ ವರದಿಯಲ್ಲಿ ಎರಡು ಅಂಕಿ ಇರುತ್ತವೆ, ಮೇಣದ್ದೊಂದು, ಮಗುವಿನದ್ದೊಂದು. ಗೆರೆ ಎಲ್ಲಿಂದ ಎಲ್ಲಿಗೆ ಎಳೆದೆವು ಅಂತಲೂ ಬರೆಯಬೇಕು, ಇದು ಕೆಮ್ಮಣ್ಣನವರದ್ದೇ ಅಪ್ಪಣೆ. ಕೆಲಸ ಕಾಯಂ ಆಯಿತು. ಮನೆಯ ಬೀಗದ ಕೈಯನ್ನೂ ಕೊಟ್ಟರು. ಎರಡು ಕೋಣೆ, ಒಂದು ಅಡುಗೆಮನೆ, ಬೆಳಗಿನ ಬಿಸಿಲು ಬೀಳುವ ಸಣ್ಣ ಜಗಲಿ. ಕೆಳಗಿನ ಬೀದಿಯಲ್ಲಿ ಟೈಲರ್ ಅಂಗಡಿಗಳ ಸಾಲೇ ಇದೆ, ನಿಮ್ಮ ಮಗನ ರಿಪೇರಿಗೆ ಬರವಿಲ್ಲ.

ಒಂದು ಮಾತು ಕೇಳಲು ಜೂನ್‌ನಿಂದ ಹೆದರುತ್ತಿದ್ದೇನೆ. ‘ಅಮ್ಮ ಏನೂ ಹೇಳ್ತಿಲ್ಲ, ಬರೋದು ಡೌಟು’ ಅಂತ ನಿಮ್ಮ ಮಗ ಫೋನಿನಲ್ಲಿ ಹೇಳಿದರು. ಅವರು ದಾಟಿಸಿದ ಮಾತನ್ನು ನಾನು ನಂಬುವುದಿಲ್ಲ. ನಾನೇ ಕೇಳುತ್ತೇನೆ. ನೀವೂ ಬರುತ್ತೀರಲ್ಲ? ಬಿಸಿಲು ಬೀಳುವ ಕೋಣೆ ನಿಮ್ಮದು. ಬನ್ನಿ ಅತ್ತೆ. ನೀವು ಬರದಿದ್ದರೆ ಆ ಮನೆ ನನಗೆ ಬೇಡ.

ಸೊಸೆ


ಅಕ್ಟೋಬರ್ ೩

ಸೊಸೆಗೆ,

ಇಲ್ಲಿ ಏನೂ ಮಾಮೂಲಾಗಿಲ್ಲ. ಮನೆ ತುಂಬ ಪೆಟ್ಟಿಗೆ. ನನ್ನ ಮಗ ತನ್ನ ಸ್ಕ್ರೂಡ್ರೈವರುಗಳನ್ನು ಪಾತ್ರೆಗಳ ಜೊತೆ ಕಟ್ಟಿ, ಈಗ ಎಲ್ಲವನ್ನೂ ಬಿಚ್ಚುತ್ತಿದ್ದಾನೆ. ಗುಬ್ಬಿ ತಲೆದಿಂಬಿನಿಂದ ಸ್ವೆಟರ್ ಬಿಚ್ಚಿ ಒಗೆಯಲು ಹಾಕಿದ್ದಾಳೆ. ‘ಅಮ್ಮಂದು ಅಮ್ಮಂಗೆ ಕೊಡಬೇಕು’ ಅನ್ನುತ್ತಾಳೆ.

ಜೂನ್‌ನಲ್ಲಿ ನೀನು ಊರು ಬಿಟ್ಟ ವಾರವೇ ನಾನು ನನ್ನ ಪೆಟ್ಟಿಗೆ ಕಟ್ಟಿಟ್ಟಿದ್ದೆ. ಅಂದಿನಿಂದ ಒಂದು ಶಾಲು ಬೇಕಾದರೂ ಹಗ್ಗ ಬಿಚ್ಚಿ, ತೆಗೆದು, ಮತ್ತೆ ಕಟ್ಟಿದ್ದೇನೆ. ಕರೆಯದೆ ಬರುವವಳಲ್ಲ ನಾನು. ಕರೆ ಅಂತ ಬಾಯಿಬಿಟ್ಟು ಕೇಳುವವಳೂ ಅಲ್ಲ. ಅತ್ತೆ ಬಂದರೆ ಲ್ಯಾಬಿನೊಳಗೂ ಮೂಗು ತೂರಿಸುತ್ತಾಳೆ ಅಂತ ನೀನು ಹಿಂಜರಿಯುತ್ತಿದ್ದೀಯೇನೋ ಅಂದುಕೊಂಡಿದ್ದೆ. ತೂರಿಸುತ್ತೇನೆ, ಮೊದಲೇ ಹೇಳಿರುತ್ತೇನೆ. ಆ ಬ್ರೆಡ್ಡಿನ ಡಬ್ಬದಷ್ಟು ಪುಟ್ಟ ಒಲೆಯನ್ನು ನಾನು ಒಂದು ಸಲ ನೋಡಲೇಬೇಕು. ಕೆಮ್ಮಣ್ಣನಿಗೆ ಬಿಸಿನೀರು ಕುಡಿಯಲು ಹೇಳು.

ಬರುವ ಹದಿನೈದಕ್ಕೆ ಹೊರಡುತ್ತೇವೆ, ಹದಿನಾರರ ಬೆಳಿಗ್ಗೆ ಅಲ್ಲಿರುತ್ತೇವೆ. ಬಸ್ ಸ್ಟ್ಯಾಂಡಿಗೆ ಬಾ, ಕಿಟಕಿಯ ಕಡೆ ಸರಿಯಾಗಿ ನೋಡುತ್ತಿರು. ಗುಬ್ಬಿಯ ಚಪ್ಪಲಿಗೆ ಬಕಲ್ ಹಾಕಿಸಿದ್ದೇನೆ. ಅವಳನ್ನು ಅವಳಪ್ಪ ಹಿಡಿದುಕೊಳ್ಳುತ್ತಾನೆ. ಛತ್ರಿ ಪೆಟ್ಟಿಗೆಯೊಳಗಿದೆ. ಈ ಸಲ ನನ್ನ ಎರಡೂ ಕೈ ಖಾಲಿ ಇರುತ್ತವೆ.

ಅತ್ತೆ